ಅಟಾರಿಯ ಮೂರು ಹಳೆ ಶೂಟರ್‌ಗಳು, ಒಂದು ಪೆಟ್ರೋಲ್ ಚಿಂತೆ

ಮನೆಯ ಟಿವಿಗೆ ಜೋಡಿಸಿ ಆಡುವ ಗೇಮ್ ಮೆಷಿನ್ ಅಟಾರಿ 2600 ಮಾರುಕಟ್ಟೆಗೆ ಬಂದಿದ್ದು 1977ರಲ್ಲಿ. ಅದರಲ್ಲಿದ್ದ ರ‍್ಯಾಮ್ ಬರೀ 128 ಬೈಟ್. ಇವತ್ತಿನ ಒಂದು ಉದ್ದನೆಯ ವಾಟ್ಸಾಪ್ ಮೆಸೇಜ್ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಅಂಥ ಮೆಷಿನ್‌ಗೆ ಬರೆದ ಸ್ಪೇಸ್ ಇನ್ವೇಡರ್ಸ್, ಯಾರ್ಸ್ ರಿವೆಂಜ್, ರಿವರ್ ರೇಡ್ ಮೂರನ್ನೂ, ಆ ಆಟಗಳನ್ನು ಕಂಪ್ಯೂಟರ್‌ನಲ್ಲಿ ಆಡಿಸುವ ಸ್ಟೆಲ್ಲಾ ಎಮ್ಯುಲೇಟರ್‌ನಲ್ಲಿ ಒಂದರ ಬೆನ್ನಿಗೆ ಒಂದು ಆಡಿ ನೋಡಿದೆ. ನಮ್ಮ ಮನೆಯಲ್ಲಿ ಈ ಮೆಷಿನ್ ಯಾವತ್ತೂ ಇರಲಿಲ್ಲ. ಹಾಗಾಗಿ ಬಾಲ್ಯದ ನೆನಪಿಗೆ ನಾನು ಮಾರ್ಕ್ಸ್ ಕೊಡುತ್ತಿಲ್ಲ.

ಸ್ಪೇಸ್ ಇನ್ವೇಡರ್ಸ್ ಇವುಗಳಲ್ಲಿ ಹಿರಿಯ. ಆರ್ಕೇಡ್ (ಅಂಗಡಿಗಳಲ್ಲಿ ಕಾಸು ಹಾಕಿ ಆಡುವ ಮೆಷಿನ್) ಆಟ 1978ರದ್ದು, ಮನೆಗೆ ಬಂದಿದ್ದು 1980ರಲ್ಲಿ. ಆರ್ಕೇಡ್‌ನಲ್ಲಿ 55 ಶತ್ರುಗಳಿದ್ದರು, ಇಲ್ಲಿ 36. ಕಡಿಮೆಯಾದಷ್ಟೂ ಅವರ ವೇಗ ಹೆಚ್ಚುತ್ತದೆ. ಕೊನೆಯವನು ಒಬ್ಬನೇ ಓಡಾಡುವಾಗ ಈಗಲೂ ಕೈ ಬೆವರುತ್ತದೆ. ಒಟ್ಟು 112 ಬಗೆಯಲ್ಲಿ ಆಡಬಹುದು. ಇಬ್ಬರು ಸೇರಿ ಒಂದೇ ಫಿರಂಗಿ ಹಂಚಿಕೊಳ್ಳುವ ಬಗೆಯೂ ಇದೆ, ಅದರಲ್ಲಿ ಜಗಳ ಗ್ಯಾರಂಟಿ. ಆದರೆ ಒಬ್ಬರೇ ಕೂತರೆ ಬೇಗ ಬೇಜಾರು. ಎಡಕ್ಕೆ ಹೋಗು, ಬಲಕ್ಕೆ ಹೋಗು, ಹೊಡಿ. ಅಷ್ಟೇ.

1982ರ ಯಾರ್ಸ್ ರಿವೆಂಜ್ ಮೂರರಲ್ಲಿ ತುಂಬಾ ವಿಚಿತ್ರ. ಹೋವರ್ಡ್ ಸ್ಕಾಟ್ ವಾರ್ಷಾ ಬರೆದದ್ದು. ನೀವು ಒಂದು ನೊಣ. ಶತ್ರುವಿನ ಗುರಾಣಿಯನ್ನು ಕಚ್ಚಿ ತಿನ್ನಬೇಕು, ಆಮೇಲೆ ಫಿರಂಗಿ ಸಿಗುತ್ತದೆ. ಅದು ಹಾರಿಸುವ ಗುಂಡಿನ ದಾರಿಯಲ್ಲೇ ನಿಂತಿದ್ದರೆ ಸಾಯುವವರು ನೀವೇ! ನಡುವೆ ಮಿನುಗುವ ಬಣ್ಣದ ಪಟ್ಟಿಯ ಚಿತ್ತಾರ ಆಟದ ಕೋಡ್‌ನಿಂದಲೇ ಮೂಡಿದ್ದು. ಜಾಗ ಉಳಿಸುವ ಉಪಾಯ ಅಂದ್ರೆ ಇದು. ಆದರೂ ಹಿಂದೆ ಮುಂದೆ ಅದೇ ಪರದೆ, ಅದೇ ಶತ್ರು. ವಾರಕ್ಕೊಮ್ಮೆ ಆಡಲು ಚೆನ್ನ, ದಿನಾ ಆಗದು.

ರಿವರ್ ರೇಡ್ ಕೂಡ 1982ರದ್ದೇ. ಆಕ್ಟಿವಿಷನ್‌ಗಾಗಿ ಕ್ಯಾರೊಲ್ ಶಾ ಬರೆದದ್ದು. ಆಗಿನ ಕಾಲಕ್ಕೆ ಗೇಮ್ ಬರೆಯುತ್ತಿದ್ದ ಹೆಂಗಸರು ಬೆರಳೆಣಿಕೆಯಷ್ಟು. ಇಲ್ಲಿ ನೀವು ನದಿಯ ಮೇಲೆ ಹಾರುವ ಒಂದು ಜೆಟ್ ವಿಮಾನ. ಆಟ ತುಂಬಿರುವ ಕಾರ್ಟ್ರಿಜ್ ಬರೀ 4 ಕಿಲೋಬೈಟ್, ನದಿ ಮಾತ್ರ ಹರಿಯುತ್ತಲೇ ಇರುತ್ತದೆ. ಹೇಗೆ? ನಕ್ಷೆಯನ್ನು ಎಲ್ಲೂ ತುಂಬಿಟ್ಟಿಲ್ಲ. ಒಂದು ಸಂಖ್ಯೆಯಿಂದ ಶುರುವಾಗಿ ಲೆಕ್ಕ ಹಾಕುತ್ತಾ ಹಾಕುತ್ತಾ ದಡ, ದ್ವೀಪ, ಹಡಗು ಎಲ್ಲ ಹುಟ್ಟುತ್ತವೆ. ಶುರುವಿನ ಸಂಖ್ಯೆ ಯಾವಾಗಲೂ ಒಂದೇ, ಹಾಗಾಗಿ ನದಿಯೂ ಅದೇ. ಇದರಿಂದ ತಿರುವುಗಳು ಕೈಗೆ ರೂಢಿಯಾಗುತ್ತವೆ. ನಿನ್ನೆ ಸತ್ತ ಜಾಗ ಇವತ್ತು ನೆನಪಿರುತ್ತದೆ.

ಆದರೆ ನನ್ನನ್ನು ಹಿಡಿದಿಟ್ಟಿದ್ದು ಪೆಟ್ರೋಲ್. ಟ್ಯಾಂಕ್ ಸದಾ ಖಾಲಿಯಾಗುತ್ತಿರುತ್ತದೆ. ದಾರಿಯಲ್ಲಿ ಸಿಗುವ ಬಂಕ್ ಮೇಲೆ ಹಾರಿದರೆ ತುಂಬುತ್ತದೆ, ಅದನ್ನೇ ಹೊಡೆದರೆ 80 ಪಾಯಿಂಟ್. ಹೆಲಿಕಾಪ್ಟರ್‌ಗೆ 60, ಹಡಗಿಗೆ 30 ಅಷ್ಟೇ. ಕುಡಿಯೋದಾ, ಹೊಡೆಯೋದಾ? ಪ್ರತಿ ಬಂಕ್‌ಗೂ ಈ ಪ್ರಶ್ನೆ. ಜಾಣರು ಬೇಕಾದಷ್ಟು ಕುಡಿದು, ದಾಟುವ ಮುಂಚೆ ಅದನ್ನೇ ಉಡಾಯಿಸುತ್ತಾರೆ. ವೇಗವೂ ನಿಮ್ಮ ಕೈಯಲ್ಲೇ. ನಿಧಾನ ಹೋದರೆ ಜಾಸ್ತಿ ತುಂಬುತ್ತದೆ, ಆದರೆ ನಿಲ್ಲುವ ಹಾಗಿಲ್ಲ. 500 ಪಾಯಿಂಟ್‌ನ ಸೇತುವೆ ಒಡೆದರೆ ಸಮಾಧಾನ: ಮುಂದೆ ಸತ್ತರೂ ಅಲ್ಲಿಂದಲೇ ಶುರು. ಉಳಿದ ಎರಡು ಆಟಗಳಲ್ಲಿ ಸೋತಾಗ ಕೈ ನಿಧಾನವಾಯ್ತು ಅನ್ನಿಸುತ್ತದೆ. ಇಲ್ಲಿ ದುರಾಸೆ ಪಟ್ಟೆ ಅನ್ನಿಸುತ್ತದೆ, ಮತ್ತೆ ಸ್ಟಾರ್ಟ್ ಒತ್ತುತ್ತೇನೆ.

(1984ರಲ್ಲಿ ಪಶ್ಚಿಮ ಜರ್ಮನಿ ಇದನ್ನು ಮಕ್ಕಳಿಗೆ ಮಾರಬಾರದ ಪಟ್ಟಿಗೆ ಸೇರಿಸಿತ್ತು. ಆ ಚೌಕ ಚೌಕ ಹಡಗುಗಳನ್ನು ನೋಡಿದರೆ ಈಗ ನಗು ಬರುತ್ತದೆ.)

ಕೊರತೆ ಇಲ್ಲವೇ? ಇದೆ. ಇಬ್ಬರು ಆಡಿದರೆ ಸರದಿ ಕಾಯಬೇಕು. ಜೊತೆಗೊಬ್ಬರಿದ್ದರೆ ಸ್ಪೇಸ್ ಇನ್ವೇಡರ್ಸ್ ಹಾಕಿ. ಒಬ್ಬರೇ ಇದ್ದರೆ ರಿವರ್ ರೇಡ್, ಅದೂ ಕೀಬೋರ್ಡ್ ಬೇಡ, ಸುಮ್ನೆ ಒಂದು ಅಗ್ಗದ ಯುಎಸ್‌ಬಿ ಜಾಯ್‌ಸ್ಟಿಕ್ ತಗೊಳ್ಳಿ. ಕಿರಿದಾದ ಕಾಲುವೆಯಲ್ಲಿ ವೇಗ ಇಳಿಸುತ್ತಾ ಪಕ್ಕಕ್ಕೆ ಸರಿಯುವುದು ಬಾಣದ ಕೀಗಳಲ್ಲಿ ನನಗಂತೂ ಒಗ್ಗಲಿಲ್ಲ.