ಮೇವನ್ ಶೇಡ್ ಪ್ಲಗಿನ್: ಏನನ್ನು ಒಳಗೆ ತುಂಬಬಹುದು, ಏನನ್ನು ಬಿಡಬೇಕು

ಎರಡು ಮಾಡ್ಯೂಲ್‌ಗಳಿಗೆ ಒಂದೇ ಲೈಬ್ರರಿಯ ಬೇರೆ ಬೇರೆ ಆವೃತ್ತಿ ಬೇಕಾದಾಗ ಜಾವಾದಲ್ಲಿ ಮೇವನ್ ಶೇಡ್ (ಮೇವನ್ ಎಂಬ ಬಿಲ್ಡ್ ಸಾಧನದ ಪ್ಲಗಿನ್; ನಿಮ್ಮ ಕೋಡ್ ಮತ್ತು ಅದಕ್ಕೆ ಬೇಕಾದ ಲೈಬ್ರರಿಗಳನ್ನು ಒಂದೇ ಜಾರ್ ಫೈಲಿಗೆ ತುಂಬುತ್ತದೆ) ನಿಜಕ್ಕೂ ಕೈಹಿಡಿಯುತ್ತದೆ. ಅದರ ರಿಲೊಕೇಶನ್ ಸೌಲಭ್ಯವು ಪ್ಯಾಕೇಜ್ ಹೆಸರನ್ನೇ ಬದಲಿಸಿ, ಬೈಟ್‌ಕೋಡ್‌ನ (ಕಂಪೈಲ್ ಆದ ಕೋಡ್‌ನ) ಉಲ್ಲೇಖಗಳನ್ನೂ ತಿದ್ದಿ, ಎಲ್ಲವನ್ನೂ ಒಂದೇ ಜಾರ್‌ಗೆ ಸೇರಿಸುತ್ತದೆ. ತಪ್ಪು ಆವೃತ್ತಿ ಲೋಡ್ ಆಗಿ ಬೇಕಾದ ಮೆಥಡ್ ಸಿಗದಾಗ ಬರುವ ನೋಸಚ್‌ಮೆಥಡ್‌ಎರರ್ ಕಾಟಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಕಡಿಮೆ. ಆದರೆ ರನ್‌ಟೈಮ್‌ನಲ್ಲಿ ತುಂಡು ತುಂಡಾಗಿ ಜೋಡಿಸುವ ಕ್ಲಾಸ್ ಹೆಸರುಗಳು ಅದರ ಕೈಗೆ ಸಿಗವು.

ಶೇಡ್‌ನ ಸೆಟ್ಟಿಂಗ್‌ನಲ್ಲಿ ಸರ್ವೀಸಸ್‌ರಿಸೋರ್ಸ್‌ಟ್ರಾನ್ಸ್‌ಫಾರ್ಮರ್ ಸೇರಿಸದಿದ್ದರೆ ಮೆಟಾ-ಇನ್ಫ್ ಸರ್ವೀಸಸ್‌ನಲ್ಲಿರುವ (ಯಾವ ಸೇವೆಗೆ ಯಾವ ಕ್ಲಾಸ್ ಎಂದು ಪಟ್ಟಿ ಮಾಡುವ ಫೋಲ್ಡರ್) ಒಂದೇ ಹೆಸರಿನ ಫೈಲುಗಳಲ್ಲಿ ಒಂದು ಮಾತ್ರ ಉಳಿಯುತ್ತದೆ. ಬಿಲ್ಡ್ ಸರಿಯಾಗಿ ಮುಗಿದರೂ, ಉಳಿಯದ ಫೈಲಿನಲ್ಲಿ ಹೆಸರಿದ್ದ ಡ್ರೈವರ್ (ಉದಾಹರಣೆಗೆ ಡೇಟಾಬೇಸ್ ಡ್ರೈವರ್) ರನ್‌ಟೈಮ್‌ನಲ್ಲಿ ಸಿಗುವುದಿಲ್ಲ. ಸಹಿ ಮಾಡಿದ ಜಾರ್‌ಗಳ ಎಸ್‌ಎಫ್, ಆರ್‌ಎಸ್‌ಎ, ಡಿಎಸ್‌ಎ ಸಹಿ ಫೈಲುಗಳನ್ನೂ ಫಿಲ್ಟರ್‌ನಲ್ಲಿ ತೆಗೆಯಿರಿ, ಇಲ್ಲವಾದರೆ ಸಹಿ ಹೊಂದದೆ ಸೆಕ್ಯುರಿಟಿಎಕ್ಸೆಪ್ಶನ್ ದೋಷ ಬರುತ್ತದೆ.

ನಿಮ್ಮ ಪಬ್ಲಿಕ್ ಮೆಥಡ್‌ಗಳಲ್ಲಿ ಕಾಣುವ ಟೈಪ್‌ಗಳನ್ನು ಮಾತ್ರ ದಯವಿಟ್ಟು ರಿಲೊಕೇಟ್ ಮಾಡಬೇಡಿ, ಬಳಸುವವರ ಕೋಡ್ ಕಂಪೈಲೇ ಆಗದು. ಭದ್ರತಾ ಪ್ಯಾಚ್ ಬಂದಾಗ, ಆ ಲೈಬ್ರರಿಯನ್ನು ಒಳಗೆ ತುಂಬಿಕೊಂಡ ಪ್ರತಿ ಮಾಡ್ಯೂಲನ್ನೂ ಮತ್ತೆ ಬಿಲ್ಡ್ ಮಾಡಬೇಕು.