ಡೈಯೆನೊಜೆಸ್ಟ್ 2 ಮಿ.ಗ್ರಾಂ ಮಾತ್ರೆ: ಮೊದಲ ಮೂರು ತಿಂಗಳು ಗಟ್ಟಿಯಾಗಿ ನಿಲ್ಲಬೇಕು

ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಅದರ ಹೊರಗೆ ಬೆಳೆಯುವ ಕಾಯಿಲೆ) ನೋವಿಗೆ ದೀರ್ಘಕಾಲ ತೆಗೆದುಕೊಳ್ಳಬಹುದಾದ ಔಷಧಿಗಳಲ್ಲಿ ಇದು ಒಳ್ಳೆಯದು. ಐದಕ್ಕೆ ನಾಲ್ಕು ಅಂಕ. 24 ವಾರಗಳ ಹೋಲಿಕೆ ಅಧ್ಯಯನದಲ್ಲಿ ಇದೇ ಕಾಯಿಲೆಗೆ ಕೊಡುವ ಲ್ಯುಪ್ರೊಲೈಡ್ ಎಂಬ ಹಾರ್ಮೋನ್ ಇಂಜೆಕ್ಷನ್‌ನಷ್ಟೇ ನೋವು ಇಳಿಸಿತು, ಮೈ ಬಿಸಿಯೇರುವ ಕಾಟ ಮಾತ್ರ ಕಡಿಮೆ ಇತ್ತು. ಒಂದು ಅಂಕ ಕಳೆದದ್ದು ಮೊದಲ ತಿಂಗಳುಗಳ ರಕ್ತಸ್ರಾವಕ್ಕೆ.

ದಿನಕ್ಕೊಂದು ಮಾತ್ರೆ, ಒಂದೇ ಹೊತ್ತಿಗೆ. ಊಟದ ಮುಂಚೆಯೋ ಆಮೇಲೋ ಎಂಬ ಕಟ್ಟುಪಾಡಿಲ್ಲ. ಅತಿ ಹೆಚ್ಚು ಎಡವುವುದು ಇಲ್ಲಿ: 21 ಮಾತ್ರೆಯ ಸ್ಟ್ರಿಪ್‌ನ ಗರ್ಭನಿರೋಧಕ ರೂಢಿಯಿದ್ದವರು ಇದನ್ನೂ 21 ದಿನ ನುಂಗಿ ಏಳು ದಿನ ಬಿಡುತ್ತಾರೆ. ಇದಕ್ಕೆ ಬಿಡುವು ಇಲ್ಲವೇ ಇಲ್ಲ. ಸ್ಟ್ರಿಪ್ ಮುಗಿದ ಮರುದಿನವೇ ಹೊಸದು, ಸ್ರಾವವಾಗುತ್ತಿದ್ದರೂ ಸರಿ. ಈ ಮಾತ್ರೆ ಈಸ್ಟ್ರೊಜೆನ್ ಹಾರ್ಮೋನನ್ನು ತಗ್ಗಿಸುತ್ತದೆ, ಅದು ಸತತವಾಗಿ ತಗ್ಗಿದ್ದರೆ ಮಾತ್ರ ಗರ್ಭಕೋಶದ ಹೊರಗೆ ಬೆಳೆದ ಪದರ ಸೊರಗುತ್ತದೆ. ಮರೆತರೆ ನೆನಪಾದ ಕೂಡಲೇ ಒಂದು ತೆಗೆದುಕೊಂಡು, ಮರುದಿನ ಎಂದಿನ ಸಮಯಕ್ಕೆ ಮುಂದುವರಿಸಿ. ನುಂಗಿದ 3–4 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬೇಕು.

ಗರ್ಭಕೋಶದ ಒಳಪದರ ತೆಳುವಾಗಿ ಸಡಿಲವಾಗುವುದರಿಂದ ಮೊದಲ ಮೂರು ತಿಂಗಳು ಹೊತ್ತಿಲ್ಲದೆ ಸ್ಪಾಟಿಂಗ್ (ಹನಿ ಹನಿ ರಕ್ತ), ಕೆಲವರಿಗೆ ವಾರಗಟ್ಟಲೆ ಸ್ರಾವ. ಇದನ್ನು ಮೊದಲೇ ಹೇಳದೆ ಚೀಟಿ ಬರೆದುಕೊಟ್ಟರೆ, ಮಾತ್ರೆ ಒಗ್ಗಲಿಲ್ಲ ಎಂದುಕೊಂಡು ಎರಡನೇ ತಿಂಗಳಿಗೇ ಬಿಡುತ್ತಾರೆ. ಅದು ನಿಜಕ್ಕೂ ಬೇಸರದ ಸಂಗತಿ, ಮುಂದುವರಿಸಿದವರಲ್ಲಿ ಸ್ರಾವ ಕ್ರಮೇಣ ತಗ್ಗುತ್ತದೆ, ಹಲವರಿಗೆ ಮುಟ್ಟೇ ನಿಲ್ಲುತ್ತದೆ. ಆದರೆ ಗಂಟೆಗೊಂದು ಪ್ಯಾಡ್ ನೆನೆದರೆ, ತಲೆ ಸುತ್ತಿದರೆ ಕಾಯುತ್ತ ಕೂರಬೇಡಿ. ಮನಸ್ಸು ಕುಗ್ಗಿದರೂ ಹಾಗೆಯೇ: ಖಿನ್ನತೆಯ ಹಿನ್ನೆಲೆಯಿದ್ದರೆ ಶುರುವಿಗೆ ಮುಂಚೆಯೇ ವೈದ್ಯರಿಗೆ ಹೇಳಿ.

ಕಾರಣ ಗೊತ್ತಿಲ್ಲದ ರಕ್ತಸ್ರಾವ, ರಕ್ತನಾಳದಲ್ಲಿ ಹೆಪ್ಪು, ತೀವ್ರ ಯಕೃತ್ತಿನ ಕಾಯಿಲೆ ಇದ್ದವರಿಗೆ ಇದು ಸಲ್ಲದು. ಟಿ.ಬಿ.ಯ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟೋಯಿನ್, ಕಾರ್ಬಮಜೆಪೀನ್ ಇದರ ಬಲ ಕುಗ್ಗಿಸುತ್ತವೆ. ಹದಿಹರೆಯದವರಲ್ಲಿ ಮೂಳೆಯ ಸಾಂದ್ರತೆ ಇಳಿಯಬಹುದು, ವರ್ಷಗಟ್ಟಲೆ ಕೊಡುವುದಾದರೆ ಅದರ ಮೇಲೆ ಕಣ್ಣಿರಬೇಕು.

ಸ್ಕ್ಯಾನಿಂಗ್ ನಾರ್ಮಲ್ ಬಂದಿದೆ, ಹಾಗಾಗಿ ಎಂಡೊಮೆಟ್ರಿಯೋಸಿಸ್ ಇಲ್ಲವೇ ಇಲ್ಲ ಎಂದು ಕಳಿಸಿಬಿಟ್ಟರೆ ಒಪ್ಪಬೇಡಿ. ಹೊರಗೆ ಬೆಳೆದ ಪದರದ ಸಣ್ಣ ತುಣುಕುಗಳು ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಖಚಿತಪಡಿಸಲು ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾದಿಂದ ನೋಡುವುದು) ಆಗಲೇಬೇಕು ಎಂಬ ಪಟ್ಟನ್ನು ಸಂತಾನೋತ್ಪತ್ತಿ ವೈದ್ಯರ ಯುರೋಪಿನ ಸಂಸ್ಥೆಯಾದ ಎಶ್ರೆಯ (ESHRE) 2022ರ ಮಾರ್ಗಸೂಚಿಯೇ ಸಡಿಲಿಸಿದೆ, ಲಕ್ಷಣ ನೋಡಿ ಹಾರ್ಮೋನ್ ಚಿಕಿತ್ಸೆ ಆರಂಭಿಸಬಹುದು.

ಚಾಕೊಲೇಟ್ ಸಿಸ್ಟ್ (ಈ ಕಾಯಿಲೆಯಿಂದ ಅಂಡಾಶಯದಲ್ಲಿ ಹಳೆ ರಕ್ತ ತುಂಬಿದ ಚೀಲ) ಸ್ವಲ್ಪ ಕುಗ್ಗೀತು, ಮಾಯವಾಗುತ್ತದೆಂದು ಎಣಿಸಬೇಡಿ. ಬಿಟ್ಟ ಮೇಲೆ ನೋವು ಮರಳಬಹುದು. ಈಗಲೇ ಮಗು ಬೇಕೆನ್ನುವವರಿಗೆ ಇದು ತಕ್ಕ ಔಷಧಿಯಲ್ಲ. ಬೇಡವೆನ್ನುವವರು ಇದನ್ನೇ ಗರ್ಭನಿರೋಧಕವೆಂದು ನಂಬದೆ ಕಾಂಡೋಮ್ ಬಳಸಬೇಕು.