ಹಳಿಗಿಂತ ಮೊದಲಿನ ಗೆರೆಗಳು: ಲೈಬ್ರರಿ ಆಫ್ ಕಾಂಗ್ರೆಸ್‌ನ ರೈಲು ನಕ್ಷೆಗಳು

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1828ರಿಂದ 1900ರವರೆಗಿನ ರೈಲು ನಕ್ಷೆಗಳನ್ನು ಪುಕ್ಕಟೆಯಾಗಿ ಕೊಡುತ್ತದೆ. ಇವತ್ತಿಗೂ ರೈಲು ಬಾರದ ಕೊಡಗಿನವರಿಗೆ ಅದರಲ್ಲಿ ಹೆಚ್ಚು ಹಿಡಿಸುವುದು ಕಟ್ಟಿದ ದಾರಿಗಳಲ್ಲ, ಕಟ್ಟಬೇಕೆಂದು ಅಳೆದಿಟ್ಟ ದಾರಿಗಳು.

ಒಂದೇ ನಕ್ಷೆ ಇಳಿಸಿಕೊಳ್ಳುವುದಾದರೆ ಅಮೆರಿಕದ ಸೇನಾ ಎಂಜಿನಿಯರ್ ಜಿ. ಕೆ. ವಾರೆನ್ ಸಿದ್ಧಪಡಿಸಿದ್ದನ್ನು ತೆಗೆದುಕೊಳ್ಳಿ. ಪೆಸಿಫಿಕ್ ಕರಾವಳಿಗೆ ರೈಲು ದಾರಿ ಹುಡುಕಲು ಅಮೆರಿಕದ ಸಂಸತ್ತು 1853ರಲ್ಲಿ 1,50,000 ಡಾಲರ್ ಕೊಟ್ಟಿತು. ಸರ್ವೆ ತಂಡಗಳು ಉತ್ತರದಲ್ಲಿ 47–49, ನಡುವೆ 38 ಮತ್ತು 35, ದಕ್ಷಿಣದಲ್ಲಿ 32ನೇ ಅಕ್ಷಾಂಶದ ಆಸುಪಾಸು ಹೊರಟವು. ಅವು ಅಳೆದು ತಂದದ್ದನ್ನು ವಾರೆನ್ ಒಂದೇ ನಕ್ಷೆಗೆ ಇಳಿಸಿದರು. ಸ್ಕೇಲ್ 1:30,00,000, ಅಂದರೆ 1 ಸೆಂ.ಮೀ.ಗೆ 30 ಕಿ.ಮೀ. ಮಡಿಕೇರಿಯಿಂದ ಕುಶಾಲನಗರದ ದೂರ ಇಲ್ಲಿ ಕಿರುಬೆರಳಿನ ಉಗುರಿನಷ್ಟು! ಬೆಟ್ಟಗಳನ್ನು ತೋರಿಸಿರುವುದು ಇಳಿಜಾರಿನ ಗುಂಟ ಎಳೆದ ಸಣ್ಣ ಗೀರುಗಳಿಂದ. ಕಡಿದಾದಷ್ಟೂ ಗೀರು ದಟ್ಟ. ಚಿಕ್ಕ ಜೆಪೆಗ್‌ನಲ್ಲಿ ಈ ಗೀರು, ಕಣಿವೆ, ಊರಿನ ಹೆಸರು ಎಲ್ಲ ಕಲಸಿ ಮಸಿಯಾಗುತ್ತವೆ. ವಿವರ ಕಳೆಯದ ಟಿಫ್ (TIFF) ಚಿತ್ರ ಕಡತವೇ ಬೇಕು. ಭಾರಿ ಗಾತ್ರದ್ದು, ಮಳೆಯಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಅರ್ಧಕ್ಕೇ ನಿಲ್ಲುತ್ತದೆ. ನಿಂತಲ್ಲಿಂದ ಮುಂದುವರಿಸುವ ಡೌನ್‌ಲೋಡ್ ಮ್ಯಾನೇಜರ್ ಬಳಸಿ.

ಮುದ್ರಿಸುವ ಮೊದಲು ಅಗಲದ ಪಿಕ್ಸೆಲ್‌ಗಳನ್ನು 300ರಿಂದ (ಇಂಚಿಗೆ 300 ಪಿಕ್ಸೆಲ್ ಲೆಕ್ಕ) ಭಾಗಿಸಿ: 12,000 ಪಿಕ್ಸೆಲ್ ಇದ್ದರೆ 40 ಇಂಚು. ಅದಕ್ಕಿಂತ ಹಿಗ್ಗಿಸಬೇಡಿ. ‘ಫಿಟ್ ಟು ಪೇಜ್’ ತೆಗೆಸಿ. ಹಿಗ್ಗಿದರೂ ಕುಗ್ಗಿದರೂ ನಕ್ಷೆಯ ಮೇಲಿನ 1:30,00,000 ಸುಳ್ಳಾಗುತ್ತದೆ. ಆಗ ನಂಬಬೇಕಾದ್ದು ನಕ್ಷೆಯೊಳಗೇ ಎಳೆದ, ಜೊತೆಗೇ ಹಿಗ್ಗಿ ಕುಗ್ಗುವ ಸ್ಕೇಲ್ ಪಟ್ಟಿಯನ್ನು ಮಾತ್ರ. ಫ್ಲೆಕ್ಸ್ ಯಂತ್ರ ಈ ಕೆಲಸಕ್ಕಲ್ಲ. ಪಿಗ್ಮೆಂಟ್ ಶಾಯಿಯ ಪ್ಲಾಟರ್ (ದೊಡ್ಡ ಹಾಳೆಯ ಪ್ರಿಂಟರ್), ಹೊಳಪಿಲ್ಲದ ಮ್ಯಾಟ್ ಕಾಗದ ಕೇಳಿ.

ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಕಾಗದ ತೇವ ಹೀರಿ ಹಿಗ್ಗುತ್ತದೆ. ಚೌಕಟ್ಟು ಹಾಕಿಸುವಾಗ ನಾಲ್ಕೂ ಅಂಚಿಗೆ ಅಂಟು ಹಾಕಿದರೆ ನಡುವೆ ಉಬ್ಬುತ್ತದೆ, ಆದ್ದರಿಂದ ಮೇಲಂಚನ್ನು ಮಾತ್ರ ಅಂಟಿಸಿ. ಗಾಜಿಗೂ ಕಾಗದಕ್ಕೂ ನಡುವೆ ಆಸಿಡ್ ಇಲ್ಲದ ಮೌಂಟ್ ಬೋರ್ಡ್ ಇರಲಿ. ಚೌಕಟ್ಟಿನ ಹಿಂದೆ ಕಾರ್ಕ್ ತುಂಡು ಅಂಟಿಸಿ ಗೋಡೆಯಿಂದ ದೂರ ಇಡಿ. ಗಾಳಿ ಆಡದಿದ್ದರೆ ಬೂಷ್ಟು ಖಂಡಿತ.

ಕ್ಯೂಜಿಐಎಸ್ (QGIS) ಎಂಬ ನಕ್ಷೆ ತಂತ್ರಾಂಶದಲ್ಲಿ ಇದನ್ನು ಇಂದಿನ ನಕ್ಷೆಯ ಮೇಲೆ ಕೂರಿಸುವವರು ರೇಖಾಂಶ ನೋಡಿಕೊಳ್ಳಿ. ಆ ಕಾಲದ ಅನೇಕ ಅಮೆರಿಕನ್ ನಕ್ಷೆಗಳು ಗ್ರೀನಿಚ್ ಬಿಟ್ಟು ವಾಷಿಂಗ್ಟನ್‌ನಿಂದ ಎಣಿಸುತ್ತವೆ. ಗಮನಿಸದಿದ್ದರೆ ನಕ್ಷೆ ಸುಮಾರು 77 ಡಿಗ್ರಿ ಸರಿದು ಕೂರುತ್ತದೆ.

ಕಂಪನಿಗಳೇ ಹೊರಡಿಸಿದ ನಕ್ಷೆಗಳನ್ನು ಮಾತ್ರ ಹಾಗೇ ನಂಬಬಾರದು. ಬಂಡವಾಳ ಸೆಳೆಯಲು ತಮ್ಮ ದಾರಿಯನ್ನು ದಪ್ಪಗೆ, ನೇರವಾಗಿ ಎಳೆದು, ಪ್ರತಿಸ್ಪರ್ಧಿಯದನ್ನು ತೆಳುವಾಗಿಸಿದವು ಅವುಗಳಲ್ಲಿ ಬೇಕಾದಷ್ಟಿವೆ. ಅಂಥದ್ದರ ಪಕ್ಕಕ್ಕೆ ವಾರೆನ್ ನಕ್ಷೆ ಇಟ್ಟು, ಆ ನೇರ ಗೆರೆ ಎಷ್ಟು ದಟ್ಟ ಗೀರುಗಳನ್ನು ದಾಟುತ್ತದೆ ಎಂದು ಎಣಿಸಿ ನೋಡಿ.